ದೂರದ ದಾರಿಗೆ ಒಗ್ಗುವ ಬೈಕು

ಯಾವ ಮೋಟಾರ್‌ಸೈಕಲ್ ಏರಿದರೂ ಎಷ್ಟು ದೂರ ಬೇಕಾದರೂ ಹೋಗಬಹುದಾದ್ದರಿಂದ, ‘ಟೂರಿಂಗ್ ಬೈಕು’ ಎಂಬ ಬೇರೊಂದು ವರ್ಗವೇ ಏಕೆ ಬೇಕು ಎಂಬ ಪ್ರಶ್ನೆ ಸಹಜವಾದುದು. ಭಾರತದ ಮೋಟಾರು ವಾಹನ ಕಾಯ್ದೆ ಅಂಥ ವರ್ಗವನ್ನು ಗುರುತಿಸುವುದಿಲ್ಲ. ನೋಂದಣಿ ಪತ್ರದಲ್ಲಿ ಎಂಜಿನ್ನಿನ ಸಿ.ಸಿ., ತೂಕ, ಆಸನಗಳ ಸಂಖ್ಯೆ ಇರುತ್ತವೆಯೇ ಹೊರತು ಆ ಯಂತ್ರ ಯಾವ ಬಗೆಯ ಪಯಣಕ್ಕೆ ತಕ್ಕುದೆಂಬ ಮಾತು ಇರುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಏರಿ ದೂರದೂರದ ಊರುಗಳಿಗೆ ಹೋಗಿಬಂದವರು ಕರ್ನಾಟಕದಲ್ಲಿ ಅನೇಕರಿದ್ದಾರೆ. ಆದರೆ ಆ ಪಯಣಗಳ ಹಿರಿಮೆ ಬಹುಮಟ್ಟಿಗೆ ಸವಾರರ ಸಹನಶಕ್ತಿಗೆ ಸಲ್ಲಬೇಕಾದದ್ದು. ಸವಾರನ ಸಹನಶಕ್ತಿಯನ್ನು ಆದಷ್ಟು ಕಡಿಮೆ ಬೇಡುವಂತೆ, ಬೆಳಿಗ್ಗೆ ಹೊರಟವನು ಎಂಟು ಗಂಟೆಗಳ ಓಟದ ನಂತರವೂ ಎಚ್ಚರ ತಪ್ಪದೆ ಬ್ರೇಕ್ ಹಿಡಿಯಬಲ್ಲವನಾಗಿರುವಂತೆ ರೂಪಿಸಿದ ಯಂತ್ರವೇ ಟೂರಿಂಗ್ ಬೈಕು. ಎಂಜಿನ್ನಿನ ಗಾತ್ರ, ಪೆಟ್ಟಿಗೆಗಳ ಸಂಖ್ಯೆ, ಬೆಲೆ ಇವೆಲ್ಲವೂ ಈ ಒಂದು ಗುರಿಗೆ ಎಷ್ಟು ನೆರವಾಗುತ್ತವೆ ಎಂಬುದರ ಮೇಲಷ್ಟೇ ಮುಖ್ಯವಾಗುತ್ತವೆ.

ಸವಾರನನ್ನು ದಣಿಸುವ ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಚಲಿಸುವ ವಸ್ತುವಿನ ಮೇಲೆ ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಎದುರಿಸಿ ಓಡಲು ಎಂಜಿನ್ ಒದಗಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಾಳಿಗೆ ಮರೆ ಏನೂ ಇಲ್ಲದ ಬೈಕಿನಲ್ಲಿ ನೆಟ್ಟಗೆ ಕುಳಿತು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವಾಗ ಬೈಕು ಮತ್ತು ಸವಾರ ಇಬ್ಬರ ಮೇಲೂ ಸೇರಿ ಬೀಳುವ ಒತ್ತು ಸುಮಾರು 25ರಿಂದ 30 ಕಿಲೋಗ್ರಾಂ ತೂಕಕ್ಕೆ ಸಮನಾಗಿರುತ್ತದೆ. ಅದರಲ್ಲಿ ದೊಡ್ಡ ಪಾಲು ಸವಾರನ ಎದೆ, ಭುಜ ಮತ್ತು ತಲೆಯ ಮೇಲೆ ಬೀಳುವುದರಿಂದ, ಅವನು ತನಗರಿವಿಲ್ಲದೆಯೇ ಹ್ಯಾಂಡಲನ್ನು ಬಿಗಿಹಿಡಿದು ಗಂಟೆಗಟ್ಟಲೆ ತನ್ನನ್ನು ತಾನೇ ಮುಂದಕ್ಕೆ ಎಳೆದುಕೊಳ್ಳುತ್ತಿರುತ್ತಾನೆ. ಇದರ ಜೊತೆಗೆ ಸದ್ದಿನ ಕಾಟವೂ ಇದೆ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನ ಸುತ್ತ ಸುಳಿಯುವ ಗಾಳಿಯ ಸದ್ದು ಕಿವಿಯ ಬಳಿ 90 ಡೆಸಿಬೆಲ್ ಮೀರುತ್ತದೆ. ಇಷ್ಟು ಸದ್ದನ್ನು ದಿನವಿಡೀ ಕೇಳಿದರೆ ಆಯಾಸವಾಗುವುದಷ್ಟೇ ಅಲ್ಲ, ಕಾಲಾಂತರದಲ್ಲಿ ಶ್ರವಣಶಕ್ತಿಗೂ ಹಾನಿಯಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಫೇರಿಂಗ್, ಅಂದರೆ ಬೈಕಿನ ಮುಂಭಾಗವನ್ನು ಮುಚ್ಚಿ ಗಾಳಿಯನ್ನು ಪಕ್ಕಕ್ಕೂ ಮೇಲಕ್ಕೂ ಸರಿಸುವ ಕವಚ, ಮತ್ತು ಅದರ ಮೇಲೆ ಕೂರಿಸಿದ ಪಾರದರ್ಶಕ ವಿಂಡ್‌ಶೀಲ್ಡ್. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1976ರಲ್ಲಿ ಹೊರತಂದ ಆರ್ 100 ಆರ್‌ಎಸ್ ಬೈಕಿನ ಪೂರ್ಣ ಫೇರಿಂಗನ್ನು ಇಟಲಿಯ ಪಿನಿನ್‌ಫರಿನಾ ಸಂಸ್ಥೆಯ ಗಾಳಿಸುರಂಗದಲ್ಲಿ, ಎಂದರೆ ನಿಂತ ವಾಹನದ ಮೇಲೆ ವೇಗದ ಗಾಳಿ ಹಾಯಿಸಿ ಅದರ ಹರಿವನ್ನು ಅಳೆಯುವ ಕೋಣೆಯಲ್ಲಿ, ಪರೀಕ್ಷಿಸಿ ರೂಪಿಸಲಾಯಿತು. ದೊಡ್ಡ ಗಾಜು ಇದ್ದಮಾತ್ರಕ್ಕೆ ಸವಾರನಿಗೆ ಸುಖವಿದೆ ಎಂದು ತಿಳಿಯುವುದು ತಪ್ಪು. ಗಾಜಿನ ಅಂಚಿನಿಂದ ಬಿಡಿಸಿಕೊಂಡ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಗಳು ಹೆಲ್ಮೆಟ್ಟಿಗೆ ನೇರವಾಗಿ ಬಡಿಯುವ ಎತ್ತರದಲ್ಲಿ ಗಾಜು ಮುಗಿದರೆ ತಲೆ ಸತತವಾಗಿ ಅಲುಗಾಡಿ, ಗಾಜೇ ಇಲ್ಲದಿದ್ದಾಗಿನದಕ್ಕಿಂತ ಹೆಚ್ಚು ತೊಂದರೆಯಾಗುತ್ತದೆ. ಆದ್ದರಿಂದ ಉತ್ತಮ ಟೂರಿಂಗ್ ಬೈಕುಗಳಲ್ಲಿ ವಿಂಡ್‌ಶೀಲ್ಡನ್ನು ಸವಾರನ ಎತ್ತರಕ್ಕೆ ತಕ್ಕಂತೆ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತದೆ, ಮತ್ತು ಅದು ಅಲಂಕಾರವಲ್ಲ.

ಎರಡನೆಯದು ಕೂರುವ ಭಂಗಿ. ಹ್ಯಾಂಡಲ್, ಸೀಟು ಮತ್ತು ಪಾದ ಊರುವ ಫುಟ್‌ರೆಸ್ಟ್ ಈ ಮೂರು ಬಿಂದುಗಳನ್ನು ಸೇರಿಸಿದರೆ ಉಂಟಾಗುವ ತ್ರಿಕೋನವೇ ಸವಾರನ ದೇಹದ ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ರೇಸ್ ಬೈಕಿನ ಮಾದರಿಯಲ್ಲಿ ಹ್ಯಾಂಡಲ್ ತಗ್ಗಿದಾಗ ದೇಹದ ಮೇಲ್ಭಾಗದ ಭಾರ ಮಣಿಕಟ್ಟಿನ ಮೇಲೂ ಕತ್ತಿನ ಮೇಲೂ ಬೀಳುತ್ತದೆ. ಕ್ರೂಸರ್ ಎಂದು ಕರೆಯುವ ಬೈಕುಗಳಲ್ಲಿ ಪಾದಗಳು ಬಹಳ ಮುಂದಕ್ಕೆ ಚಾಚಿಕೊಂಡಾಗ ಕಾಲುಗಳು ಭಾರ ಹೊರಲಾರದೆ ಹೋಗಿ, ರಸ್ತೆಯ ಪ್ರತಿಯೊಂದು ಕುಲುಕೂ ಬೆನ್ನುಮೂಳೆಯ ಬುಡಕ್ಕೆ ಮುಟ್ಟುತ್ತದೆ. ಟೂರಿಂಗ್ ಬೈಕಿನಲ್ಲಿ ಬೆನ್ನು ಬಹುತೇಕ ನೆಟ್ಟಗಿದ್ದು, ಮೊಣಕಾಲು ಹೆಚ್ಚು ಮಡಿಸದೆ, ಪಾದಗಳು ದೇಹದ ಕೆಳಗೇ ಇರುವುದರಿಂದ ಹೊಂಡ ಬಂದಾಗ ಸವಾರ ಫುಟ್‌ರೆಸ್ಟಿನ ಮೇಲೆ ತುಸು ಎದ್ದು ಪೆಟ್ಟನ್ನು ಕಾಲಿನಲ್ಲಿಯೇ ತಡೆಯಬಹುದು. ಹಿಂಬದಿ ಸವಾರರಿಗೂ ಇದೇ ಮಟ್ಟದ ಸ್ಥಳ ಮತ್ತು ಹಿಡಿಕೆ ಒದಗಿಸದ ಬೈಕನ್ನು ಪೂರ್ಣಾರ್ಥದಲ್ಲಿ ಟೂರಿಂಗ್ ಎನ್ನಲಾಗದು.

ಎಂಜಿನ್ನಿನ ವಿಚಾರದಲ್ಲಿ ಜನರಲ್ಲಿರುವ ತಪ್ಪು ತಿಳಿವಳಿಕೆ ದೊಡ್ಡದು. ಕೆಟಿಎಂ ಆರ್‌ಸಿ 390 ಬೈಕಿನ 373 ಸಿ.ಸಿ. ಎಂಜಿನ್ ಸುಮಾರು 43 ಅಶ್ವಶಕ್ತಿ ನೀಡುತ್ತದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ 411 ಸಿ.ಸಿ. ಎಂಜಿನ್ ನೀಡುವುದು ಸುಮಾರು 24 ಅಶ್ವಶಕ್ತಿ ಮಾತ್ರ. ಆದರೂ ದೂರ ಪಯಣಕ್ಕೆಂದು ರೂಪಿಸಿದ್ದು ಎರಡನೆಯದನ್ನು. ಕಾರಣ ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ತಿರುಚುಬಲ, ಯಾವ ವೇಗದಲ್ಲಿ ದೊರೆಯುತ್ತದೆ ಎಂಬುದರಲ್ಲಿದೆ. ಮೊದಲನೆಯದರ ಶಕ್ತಿ ಎಂಜಿನ್ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗುವಾಗ ಪೂರ್ಣವಾಗಿ ಸಿಗುತ್ತದೆ. ಹಿಮಾಲಯನ್‌ನ ಎಂಜಿನ್ನಿನಲ್ಲಿ ಪಿಸ್ಟನ್ ಚಲಿಸುವ ದೂರ 86 ಮಿ.ಮೀ., ಸಿಲಿಂಡರಿನ ವ್ಯಾಸ 78 ಮಿ.ಮೀ. ಆಗಿದ್ದು, ಅದರ ಗರಿಷ್ಠ ಟಾರ್ಕ್ 32 ನ್ಯೂಟನ್ ಮೀಟರ್ 4,500 ಸುತ್ತಿನೊಳಗೇ ದೊರೆಯುತ್ತದೆ. ಹೀಗಾಗಿ ಸಾಮಾನು ಮತ್ತು ಹಿಂಬದಿ ಸವಾರರನ್ನು ಹೊತ್ತು ಘಾಟಿ ಏರುವಾಗ ಮತ್ತೆ ಮತ್ತೆ ಗೇರ್ ಬದಲಿಸುವ ಅಗತ್ಯ ಬೀಳುವುದಿಲ್ಲ.

ಎಂಜಿನ್ನಿನ ಇನ್ನೊಂದು ಗುಣ ಅದರ ನಡುಕ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಉಂಟಾಗುವ ಹೊಯ್ದಾಟವನ್ನು ಎದುರು ತೂಕಗಳಿಂದ ಭಾಗಶಃ ಮಾತ್ರ ಸರಿದೂಗಿಸಬಹುದು. ಉಳಿದ ನಡುಕ ಹ್ಯಾಂಡಲಿನ ಮೂಲಕ ಬೆರಳುಗಳಿಗೆ ಮುಟ್ಟಿ ಅವು ಜೋಮು ಹಿಡಿಯುತ್ತವೆ. ಬಿಎಂಡಬ್ಲ್ಯು 1923ರ ಆರ್ 32 ಬೈಕಿನಿಂದ ಇಂದಿನವರೆಗೂ ಉಳಿಸಿಕೊಂಡು ಬಂದಿರುವ ಬಾಕ್ಸರ್ ವಿನ್ಯಾಸದಲ್ಲಿ ಎರಡು ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಮಲಗಿದ್ದು, ಎರಡೂ ಪಿಸ್ಟನ್‌ಗಳು ಏಕಕಾಲದಲ್ಲಿ ಹೊರಕ್ಕೆ, ಏಕಕಾಲದಲ್ಲಿ ಒಳಕ್ಕೆ ಚಲಿಸುವುದರಿಂದ ಒಂದರ ಹೊಯ್ದಾಟವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ಹೀಗೆ ಮಲಗಿದ ಆರು ಸಿಲಿಂಡರುಗಳಿದ್ದರೆ ಉಳಿದ ಚಿಕ್ಕಪುಟ್ಟ ಅಸಮತೋಲನಗಳೂ ಪರಸ್ಪರ ರದ್ದಾಗಿ ಎಂಜಿನ್ ಅತ್ಯಂತ ನಯವಾಗಿ ಓಡುತ್ತದೆ.

ಈ ಆರು ಸಿಲಿಂಡರಿನ ದಾರಿಯನ್ನು ಹಿಡಿದದ್ದು ಹೋಂಡಾ ಗೋಲ್ಡ್‌ವಿಂಗ್. ಟೂರಿಂಗ್ ಬೈಕು ಎಂಬ ಕಲ್ಪನೆ ಹೇಗೆ ರೂಪು ತಳೆಯಿತು ಎಂಬುದನ್ನು ಅದರ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ. 1972ರಲ್ಲಿ ಶೋಇಚಿರೊ ಇರಿಮಾಜಿರಿ ಅವರ ನೇತೃತ್ವದಲ್ಲಿ ಹೋಂಡಾ 1,470 ಸಿ.ಸಿ.ಯ ಆರು ಸಿಲಿಂಡರಿನ ಪ್ರಾಯೋಗಿಕ ಬೈಕೊಂದನ್ನು ಕಟ್ಟಿತಾದರೂ, 1974ರಲ್ಲಿ ಜರ್ಮನಿಯ ಕೊಲೋನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ಗೋಲ್ಡ್‌ವಿಂಗ್ ಆದ ಜಿಎಲ್ 1000ರಲ್ಲಿ ಇದ್ದದ್ದು 999 ಸಿ.ಸಿ.ಯ, ನೀರಿನಿಂದ ತಂಪಾಗುವ, ಮಲಗಿದ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಪೆಟ್ರೋಲ್ ಟ್ಯಾಂಕ್ ಸೀಟಿನ ಅಡಿಯಲ್ಲಿತ್ತು. ಎಂದಿನ ಜಾಗದಲ್ಲಿ ಟ್ಯಾಂಕಿನಂತೆ ಕಾಣುತ್ತಿದ್ದದ್ದು ವಿದ್ಯುತ್ ಉಪಕರಣಗಳನ್ನು ಮುಚ್ಚುವ ಹೊದಿಕೆ ಮಾತ್ರ. ಇಂಧನದ ಭಾರವನ್ನು ಹೀಗೆ ಕೆಳಕ್ಕೆ ಇಳಿಸಿದ್ದರಿಂದ ಬೈಕಿನ ಗುರುತ್ವಕೇಂದ್ರ ತಗ್ಗಿ, ಭಾರೀ ಯಂತ್ರವಾದರೂ ನಿಧಾನ ವೇಗದಲ್ಲಿ ಅದನ್ನು ಸಮತೋಲನದಲ್ಲಿ ಹಿಡಿಯುವುದು ಸುಲಭವಾಯಿತು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಬೈಕಿನ ಉದ್ದಕ್ಕೆ ಇದ್ದುದರಿಂದ ಆಕ್ಸಿಲರೇಟರ್ ತಿರುಗಿಸಿದಾಗ ಇಡೀ ಬೈಕು ಒಂದು ಪಕ್ಕಕ್ಕೆ ವಾಲುವ ದೋಷ ಬರಬೇಕಿತ್ತು; ವಿದ್ಯುಜ್ಜನಕವನ್ನು ಅದರ ವಿರುದ್ಧ ದಿಕ್ಕಿನಲ್ಲಿ ತಿರುಗುವಂತೆ ಜೋಡಿಸಿ ಎಂಜಿನಿಯರುಗಳು ಆ ದೋಷವನ್ನು ನಿವಾರಿಸಿದರು. ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸಲು ಚೈನಿನ ಬದಲು ಮುಚ್ಚಿದ ಕೊಳವೆಯೊಳಗಿನ ಉಕ್ಕಿನ ಶಾಫ್ಟ್ ಬಳಸಿದ್ದು ಪ್ರವಾಸಿಗೆ ದೊಡ್ಡ ಅನುಕೂಲ, ಏಕೆಂದರೆ ಚೈನಿಗೆ ಕೆಲವು ನೂರು ಕಿಲೋಮೀಟರಿಗೊಮ್ಮೆ ಎಣ್ಣೆ ಹಾಕಿ, ಆಗಾಗ ಬಿಗಿ ನೋಡಬೇಕಾಗುವ ಕೆಲಸ ಶಾಫ್ಟಿಗೆ ಇಲ್ಲ.

ಇಷ್ಟಿದ್ದರೂ ಆ ಮೊದಲ ಗೋಲ್ಡ್‌ವಿಂಗ್‌ಗೆ ಫೇರಿಂಗ್ ಇರಲಿಲ್ಲ, ಸಾಮಾನು ಪೆಟ್ಟಿಗೆಗಳೂ ಇರಲಿಲ್ಲ. ಅಮೆರಿಕದ ಸವಾರರು ಅದನ್ನು ಕೊಂಡು, ಕ್ರೇಗ್ ವೆಟರ್ ಎಂಬ ವಿನ್ಯಾಸಕಾರರ ‘ವಿಂಡ್‌ಜಾಮರ್’ ಫೇರಿಂಗನ್ನು ಮುಂದೆಯೂ ಪೆಟ್ಟಿಗೆಗಳನ್ನು ಹಿಂದೆಯೂ ತಾವೇ ಜೋಡಿಸಿಕೊಂಡು ಖಂಡದ ಉದ್ದಗಲಕ್ಕೂ ಓಡಾಡತೊಡಗಿದರು. ಅವರಿಂದ ಪಾಠ ಕಲಿತ ಹೋಂಡಾ 1980ರಲ್ಲಿ ಜಿಎಲ್ 1100 ಇಂಟರ್‌ಸ್ಟೇಟ್ ಮಾದರಿಯಲ್ಲಿ ಫೇರಿಂಗ್ ಮತ್ತು ಪೆಟ್ಟಿಗೆಗಳನ್ನು ಕಾರ್ಖಾನೆಯಲ್ಲಿಯೇ ಅಳವಡಿಸಿ ಕೊಟ್ಟಿತು. 1988ರ ಜಿಎಲ್ 1500ರಲ್ಲಿ 1,520 ಸಿ.ಸಿ.ಯ ಆರು ಸಿಲಿಂಡರಿನ ಎಂಜಿನ್ ಬಂತು. ಇಳಿಜಾರಿನಲ್ಲಿ ನಿಲ್ಲಿಸಿದ ಭಾರೀ ಬೈಕನ್ನು ಹಿಂದಕ್ಕೆ ತಳ್ಳುವ ಕಷ್ಟ ಬಲ್ಲವರಿಗೆ ಬೆಲೆ ತಿಳಿಯುವಂಥ, ಸ್ಟಾರ್ಟರ್ ಮೋಟಾರಿನಿಂದಲೇ ಕೆಲಸ ಮಾಡುವ ಹಿಮ್ಮುಖ ಚಲನೆಯ ವ್ಯವಸ್ಥೆಯೂ ಅದರಲ್ಲಿತ್ತು. ಇಂದಿನ ಮಾದರಿಯ 1,833 ಸಿ.ಸಿ. ಎಂಜಿನ್ 4,500 ಸುತ್ತಿನಲ್ಲಿ 170 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಟೂರಿಂಗ್ ಬೈಕಿನ ಲಕ್ಷಣಗಳನ್ನು ಕಾರ್ಖಾನೆಗಿಂತ ಮೊದಲು ಗುರುತಿಸಿದವರು ಸವಾರರೇ ಎಂಬುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.

ಬೈಕಿನ ಚೌಕಟ್ಟಿನ ಅಳತೆಗಳೂ ಕಡಿಮೆ ಮುಖ್ಯವಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರವಾದ ವೀಲ್‌ಬೇಸ್ ಆರ್‌ಸಿ 390ರಲ್ಲಿ ಸುಮಾರು 1,340 ಮಿ.ಮೀ. ಇದ್ದರೆ ಗೋಲ್ಡ್‌ವಿಂಗ್‌ನಲ್ಲಿ ಸುಮಾರು 1,695 ಮಿ.ಮೀ. ಇದೆ, ಇದು ಉದ್ದವಾದಷ್ಟೂ ಬೈಕು ನೇರ ದಾರಿಯಲ್ಲಿ ಸ್ಥಿರವಾಗಿರುತ್ತದೆ, ತಿರುವಿನಲ್ಲಿ ನಿಧಾನವಾಗಿ ವಾಲುತ್ತದೆ. ಇದರೊಡನೆ ಸೇರಿ ಕೆಲಸ ಮಾಡುವ ಇನ್ನೊಂದು ಅಳತೆ ಟ್ರೇಲ್. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದು ಮುಂದಿನ ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದಿರುತ್ತದೆ. ಈ ಎರಡರ ನಡುವಿನ ಅಂತರವೇ ಟ್ರೇಲ್. ತಳ್ಳುಗಾಡಿಯ ಪುಟ್ಟ ಚಕ್ರ ತಳ್ಳಿದ ದಿಕ್ಕಿಗೆ ತಾನಾಗಿಯೇ ತಿರುಗಿಕೊಳ್ಳುವಂತೆ, ಟ್ರೇಲ್ ಹೆಚ್ಚಿದ್ದಷ್ಟೂ ಬೈಕಿನ ಮುಂಚಕ್ರ ತನ್ನಷ್ಟಕ್ಕೆ ತಾನೇ ನೇರಗೊಳ್ಳುವ ಪ್ರವೃತ್ತಿ ತೋರುತ್ತದೆ, ಮತ್ತು ಸವಾರ ಕ್ಷಣಕ್ಷಣಕ್ಕೂ ಹ್ಯಾಂಡಲ್ ತಿದ್ದುವ ಶ್ರಮ ತಪ್ಪುತ್ತದೆ.

ಸಾಮಾನು ಹೇರುವಾಗ ಈ ಲೆಕ್ಕವೆಲ್ಲ ತಲೆಕೆಳಗಾಗಬಹುದು. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಎತ್ತರದಲ್ಲಿ ಭಾರ ಕಟ್ಟಿದರೆ ಮುಂಚಕ್ರದ ಮೇಲಿನ ಭಾರ ಇಳಿದು ಅದರ ಹಿಡಿತ ಸಡಿಲವಾಗುತ್ತದೆ, ಹೆಚ್ಚಿನ ವೇಗದಲ್ಲಿ ಇಡೀ ಬೈಕು ಹಾವಿನಂತೆ ಓಲಾಡತೊಡಗಬಹುದು. ಪ್ಯಾನಿಯರ್ ಎಂಬ ಪಕ್ಕದ ಪೆಟ್ಟಿಗೆಗಳನ್ನು ತಗ್ಗಿನಲ್ಲಿ, ಆದಷ್ಟು ಮುಂದಕ್ಕೆ ಕೂರಿಸುವುದರ ಉದ್ದೇಶ ಇದನ್ನು ತಡೆಯುವುದೇ. ಚೌಕಟ್ಟು, ಹಿಂದಿನ ಸ್ಪ್ರಿಂಗ್ ಮತ್ತು ಟೈರುಗಳನ್ನು ಇಬ್ಬರು ಸವಾರರು ಹಾಗೂ ಅವರ ಸಾಮಾನಿನ ಭಾರಕ್ಕೆಂದೇ ಲೆಕ್ಕಹಾಕಿ ರೂಪಿಸಿದ್ದರೆ ಮಾತ್ರ ಪೆಟ್ಟಿಗೆಗಳಿಗೆ ಅರ್ಥವಿರುತ್ತದೆ. ಸಾಧಾರಣ ಬೈಕಿಗೆ ಪೆಟ್ಟಿಗೆ ಬಿಗಿದು ಟೂರಿಂಗ್ ಎಂದು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಹಾಗಾದರೆ ಸುಮಾರು 380 ಕಿಲೋಗ್ರಾಂ ತೂಗುವ ಗೋಲ್ಡ್‌ವಿಂಗ್ ಎಲ್ಲ ದಾರಿಗಳಿಗೂ ಒಗ್ಗುತ್ತದೆಯೇ ಎಂದರೆ ಇಲ್ಲ. ಅದು ಅಮೆರಿಕದ ಅಗಲವಾದ, ಸಪಾಟಾದ ಹೆದ್ದಾರಿಗಳ ಅಗತ್ಯದಿಂದ ಬೆಳೆದ ಯಂತ್ರ. ಬಿಎಂಡಬ್ಲ್ಯು 1980ರಲ್ಲಿ ತಂದ ಆರ್ 80 ಜಿ/ಎಸ್ ಡಾಂಬರು ರಸ್ತೆಗೂ ಮಣ್ಣಿನ ದಾರಿಗೂ ಒಂದೇ ಬೈಕು ಸಾಕೆಂಬ ಇನ್ನೊಂದು ಪರಂಪರೆಯನ್ನು ಆರಂಭಿಸಿತು, ಹಿಮಾಲಯನ್ ಸೇರುವುದು ಆ ಪರಂಪರೆಗೆ. ಭಾರತದ ದಾರಿಗಳಲ್ಲಿ ದಣಿವು ಗಾಳಿಗಿಂತ ಹೆಚ್ಚಾಗಿ ಹೊಂಡಗಳಿಂದ ಬರುವುದರಿಂದ, 411 ಸಿ.ಸಿ. ಹಿಮಾಲಯನ್‌ನ 21 ಇಂಚಿನ ದೊಡ್ಡ ಮುಂಚಕ್ರ ಮತ್ತು ನೆಲದಿಂದ 220 ಮಿ.ಮೀ. ಎತ್ತರ ಇಲ್ಲಿ ವಿಂಡ್‌ಶೀಲ್ಡಿಗಿಂತ ಮುಖ್ಯವಾಗುತ್ತವೆ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿಯ ಪೆಟ್ರೋಲ್ ಬಂಕ್ ದಾಟಿದರೆ ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಫಲಕ ಬಹುಕಾಲದಿಂದ ಹೆಸರಾದದ್ದು. ಹಿಮಾಲಯನ್‌ನ 15 ಲೀಟರಿನ ಟ್ಯಾಂಕ್ ಮತ್ತು ಲೀಟರಿಗೆ ಸುಮಾರು 30 ಕಿ.ಮೀ. ಓಟ ಆ ದೂರವನ್ನು ಕ್ರಮಿಸಲು ಸಾಕಾಗುತ್ತದೆ. ಅದರ ಸ್ಪೋಕ್ ಚಕ್ರಗಳೊಳಗೆ ಟ್ಯೂಬ್ ಇದ್ದುದು ಮಾತ್ರ ನಿಜವಾದ ಕೊರತೆ, ಏಕೆಂದರೆ ಟ್ಯೂಬ್‌ಲೆಸ್ ಟೈರಿನ ಪಂಕ್ಚರನ್ನು ಚಕ್ರ ಬಿಚ್ಚದೆಯೇ ಮುಚ್ಚಬಹುದು, ಟ್ಯೂಬಿನದಕ್ಕೆ ದಾರಿಬದಿಯಲ್ಲಿ ಚಕ್ರ ಕಳಚಲೇಬೇಕು. ಮುಂದೆ ಬಂದ ಹಿಮಾಲಯನ್ 450 ಮಾದರಿಗೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರಗಳ ಆಯ್ಕೆ ದೊರೆಯಿತು.

ಟೂರಿಂಗ್ ಬೈಕು ಕೊಳ್ಳಬಯಸುವವರು ಅಶ್ವಶಕ್ತಿಯನ್ನು ವಿಚಾರಿಸುವ ಮೊದಲು ತಯಾರಕರ ಕೈಪಿಡಿಯಲ್ಲಿ ಆ ಬೈಕು ಹೊರಬಲ್ಲ ಗರಿಷ್ಠ ಭಾರ ಎಷ್ಟೆಂದು ನೋಡಿ, ಅದರಲ್ಲಿ ಇಬ್ಬರ ತೂಕ ಕಳೆದು ಸಾಮಾನಿಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಬೇಕು. ಪಯಣ ಹೊರಡುವ ದಿನ ಹಿಂದಿನ ಸ್ಪ್ರಿಂಗಿನ ಬಿಗಿಯನ್ನೂ ಟೈರಿನ ಗಾಳಿಯನ್ನೂ ಅದೇ ಕೈಪಿಡಿಯಲ್ಲಿ ಪೂರ್ಣ ಭಾರಕ್ಕೆ ಹೇಳಿರುವ ಮಟ್ಟಕ್ಕೆ ಹೊಂದಿಸಿಕೊಳ್ಳಬೇಕು.