ಉತ್ತರ ಆಫ್ರಿಕಾ ಎಂದರೆ ಬರೀ ಮರಳೇ? ಸಿದಿ ಬೂಜಿದ್ ಪ್ರಾಂತ್ಯದ ಬಗ್ಗೆ ತಿಳಿಯಬೇಕಾದ ಸಂಗತಿಗಳು

ಉತ್ತರ ಆಫ್ರಿಕಾ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಸಹಾರಾ, ಒಂಟೆ, ಮರಳಿನ ದಿಬ್ಬ. ಅಲ್ಲಿ ಏನೂ ಬೆಳೆಯುವುದಿಲ್ಲ ಎಂಬ ನಂಬಿಕೆಯೂ ಇದೆ. ಇದು ನಿಜವೇ? ಟ್ಯುನೀಷಿಯಾದ ಸಿದಿ ಬೂಜಿದ್ ಪ್ರಾಂತ್ಯವನ್ನು ಉದಾಹರಣೆಯಾಗಿ ನೋಡೋಣ.

ನಂಬಿಕೆ 1: ಅದು ಮರುಭೂಮಿ, ಕೃಷಿ ಇಲ್ಲ

ಇದು ತಪ್ಪು. ದೇಶದ ಮಧ್ಯಭಾಗದಲ್ಲಿರುವ ಸಿದಿ ಬೂಜಿದ್‌ಗೆ ಸಮುದ್ರ ತೀರವಿಲ್ಲ. ವರ್ಷಕ್ಕೆ ಸುಮಾರು 200ರಿಂದ 300 ಮಿಲಿಮೀಟರ್ ಮಳೆ ಬೀಳುತ್ತದೆ. ಹೀಗಾಗಿ ಇದು ಮರುಭೂಮಿಯಲ್ಲ, ಅರೆ ಶುಷ್ಕ ಪ್ರದೇಶ. ಮಳೆಯನ್ನು ನಂಬಿ ಆಲಿವ್, ಬಾದಾಮಿ, ಬಾರ್ಲಿ ಬೆಳೆಯುತ್ತಾರೆ, ಕುರಿ ಸಾಕುತ್ತಾರೆ. ಬಾವಿ, ಕೊಳವೆಬಾವಿಗಳ ನೀರಿನಿಂದ ಟೊಮೇಟೊ, ಮೆಣಸಿನಕಾಯಿ, ಕಲ್ಲಂಗಡಿ ಬೆಳೆಯುತ್ತಾರೆ. ದೇಶದ ಪ್ರಮುಖ ತರಕಾರಿ ಬೆಳೆಯುವ ಪ್ರಾಂತ್ಯಗಳಲ್ಲಿ ಇದೂ ಒಂದು.

ನಂಬಿಕೆ 2: ಬೆಳೆ ಇದ್ದರೆ ಬಡತನ ಇರುವುದಿಲ್ಲ

ಇದೂ ಪೂರ್ತಿ ನಿಜವಲ್ಲ. ಬೆಳೆದ ತರಕಾರಿ ಹೆಚ್ಚಾಗಿ ಹಾಗೆಯೇ ಹೊರಗೆ ಸಾಗುತ್ತದೆ. ಅದನ್ನು ಸಂಸ್ಕರಿಸಿ ಲಾಭ ಮಾಡುವ ಕಾರ್ಖಾನೆಗಳು, ಬಂದರುಗಳು ಕರಾವಳಿಯಲ್ಲಿವೆ. ನೀರಿನದ್ದೂ ಇದೇ ಕಥೆ. ಪ್ರಾಂತ್ಯದ ಜೆಲ್ಮಾ ಭಾಗದ ಅಂತರ್ಜಲ ಕೊಳವೆ ಮಾರ್ಗದಲ್ಲಿ ಕರಾವಳಿಯ ಸ್ಫಾಕ್ಸ್ ನಗರಕ್ಕೆ ಹೋಗುತ್ತದೆ. ಮಳೆ ತುಂಬಿಸುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತಿದಾಗ ಮಟ್ಟ ಕುಸಿಯುತ್ತದೆ. ಆಗ ಇನ್ನೂ ಆಳಕ್ಕೆ ಕೊರೆಸಲು ಹಣವಿದ್ದವರಿಗೆ ಮಾತ್ರ ನೀರು ಸಿಗುತ್ತದೆ, ಸಣ್ಣ ರೈತ ಹಿಂದೆ ಬೀಳುತ್ತಾನೆ.

ಇಲ್ಲಿ ಆಡಳಿತ ಹೇಗೆ ನಡೆಯುತ್ತದೆ?

ಟ್ಯುನೀಷಿಯಾದಲ್ಲಿ 24 ಪ್ರಾಂತ್ಯಗಳಿವೆ. ಪ್ರಾಂತ್ಯಕ್ಕೆ ಅರಬ್ಬಿಯಲ್ಲಿ 'ವಿಲಾಯಾ' ಎನ್ನುತ್ತಾರೆ. ಅದರ ಮುಖ್ಯಸ್ಥ 'ವಾಲಿ', ಅಂದರೆ ಗವರ್ನರ್. ಇವರನ್ನು ಜನ ಆರಿಸುವುದಿಲ್ಲ. ನಮ್ಮ ಜಿಲ್ಲಾಧಿಕಾರಿಯಂತೆ ಇವರೂ ಮೇಲಿನಿಂದ ನೇಮಕವಾಗಿ ಬರುತ್ತಾರೆ. ವಿಲಾಯಾದ ಕೆಳಗೆ ತಾಲ್ಲೂಕಿನಂಥ 'ಮುತಮದಿಯಾ', ಅದರ ಕೆಳಗೆ 'ಇಮಾದಾ' ಇವೆ. ಸಿದಿ ಬೂಜಿದ್ ಪ್ರತ್ಯೇಕ ಪ್ರಾಂತ್ಯವಾಗಿದ್ದು 1973ರಲ್ಲಿ. 2018ರ ಮೇ ತಿಂಗಳಲ್ಲಿ ದೇಶದ ಮೊದಲ ಮುಕ್ತ ಪುರಸಭೆ ಚುನಾವಣೆ ನಡೆಯಿತು. ಆದರೆ 2023ರ ಮಾರ್ಚ್‌ನಲ್ಲಿ ಅಧ್ಯಕ್ಷ ಕೈಸ್ ಸಯೀದ್ ಆ ಪುರಸಭೆಗಳನ್ನು ವಿಸರ್ಜಿಸಿದರು.

ನಂಬಿಕೆ 3: ಬೂಅಜೀಜಿ ಕೆಲಸ ಸಿಗದ ಪದವೀಧರ

2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಪಟ್ಟಣದಲ್ಲಿ ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದ ಮೊಹಮದ್ ಬೂಅಜೀಜಿಯ ತಕ್ಕಡಿಯನ್ನು ಪುರಸಭೆಯವರು ಕಿತ್ತುಕೊಂಡರು. ದೂರು ಕೊಡಲು ಹೋದರೆ ಯಾರೂ ಕೇಳಲಿಲ್ಲ. ಗವರ್ನರ್ ಕಚೇರಿ ಎದುರೇ ಆತ ಬೆಂಕಿ ಹಚ್ಚಿಕೊಂಡ. 2011ರ ಜನವರಿ 4ರಂದು ಆತ ತೀರಿಕೊಂಡ, ಹತ್ತೇ ದಿನಕ್ಕೆ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು.

ಆತ ಪದವೀಧರ ಎಂಬ ಸುದ್ದಿ ಆಗ ಜಗತ್ತೆಲ್ಲ ಹರಡಿತು. ವಾಸ್ತವದಲ್ಲಿ ಆತ ಶಾಲೆಯನ್ನೂ ಪೂರ್ತಿ ಮುಗಿಸಿರಲಿಲ್ಲ. ಮಹಿಳಾ ಅಧಿಕಾರಿ ಕೆನ್ನೆಗೆ ಹೊಡೆದರು ಎಂಬ ಆರೋಪವೂ ಹಬ್ಬಿತು. 2011ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಪ್ರಕರಣವನ್ನು ಕೈಬಿಟ್ಟಿತು, ಅಷ್ಟರಲ್ಲಿ ಆಕೆ ತಿಂಗಳುಗಟ್ಟಲೆ ಬಂಧನದಲ್ಲಿದ್ದರು.

ಬೂಅಜೀಜಿಯ ನೋವು ನಿಜ, ಅದಕ್ಕೆ ಒಗ್ಗರಣೆ ಬೇಕಿರಲಿಲ್ಲ. ಸೇರಿಸಿದ ಒಂದು ಸುಳ್ಳಿನ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗಬಹುದು. ಕರುಳು ಹಿಂಡುವ ಸಂದೇಶ ಬಂದಾಗ ಇದನ್ನು ನೆನಪಿಟ್ಟುಕೊಂಡು, ಪರಿಶೀಲಿಸಿ, ಆಮೇಲೆ ಫಾರ್ವರ್ಡ್ ಮಾಡಿ.