ಕೈಯಲ್ಲಿ ನೋಟೋ, ಜೇಬಲ್ಲಿ ಕಾರ್ಡೋ? ದಿನದ ಖರ್ಚಿಗೆ ಯಾವುದು ಸರಿ?



ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಮೊದಲೆಲ್ಲ ಬಡ್ಡಿ ಸಾಲ, ಚೀಟಿ, ಒಡವೆ ಅಡವು ಇವುಗಳ ಮಾತೇ ಹೆಚ್ಚಾಗಿತ್ತು. ಈಗ ಒಂದು ಹೊಸ ಮಾತು ಸೇರಿಕೊಂಡಿದೆ. "ಮಗನಿಗೆ ಬ್ಯಾಂಕಿನವರು ಕಾರ್ಡ್ ಕೊಟ್ಟಿದ್ದಾರೆ, ಅಕ್ಕಿ ಬೇಳೆ ಎಲ್ಲಾ ಅದರಲ್ಲೇ ತರ್ತಾನೆ. ಇದು ಒಳ್ಳೇದೋ ಕೆಟ್ಟದ್ದೋ?" ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಲೆಕ್ಕ ತಿಳಿದುಕೊಂಡರೆ ಉತ್ತರ ನಮಗೇ ಸಿಗುತ್ತದೆ.

ಕಾರ್ಡು ಎಂದರೆ ಉದ್ದರಿ ಪುಸ್ತಕ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಎಟಿಎಂನಲ್ಲಿ ಹಣ ತೆಗೆಯುವ ಡೆಬಿಟ್ ಕಾರ್ಡ್ ಬೇರೆ, ಕ್ರೆಡಿಟ್ ಕಾರ್ಡ್ ಬೇರೆ. ಡೆಬಿಟ್ ಕಾರ್ಡಿನಲ್ಲಿ ಖರ್ಚಾಗುವುದು ನಮ್ಮ ಖಾತೆಯಲ್ಲಿರುವ ನಮ್ಮದೇ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚಾಗುವುದು ಬ್ಯಾಂಕಿನ ಹಣ, ಅಂದರೆ ಸಾಲ. ಊರಿನ ಕಿರಾಣಿ ಅಂಗಡಿಯಲ್ಲಿ ಪುಸ್ತಕದಲ್ಲಿ ಬರೆಸಿ ಸಾಮಾನು ತರುತ್ತಿದ್ದೆವಲ್ಲ, ಇದೂ ಹಾಗೇ. ಆದರೆ ಅಂಗಡಿಯವನು ನಮ್ಮ ಮುಖ ನೋಡಿ, "ಅಮ್ಮಾ, ಹಳೇ ಬಾಕಿ ಜಾಸ್ತಿ ಆಯ್ತು" ಎಂದು ಎಚ್ಚರಿಸುತ್ತಿದ್ದ. ಕಾರ್ಡು ಹಾಗೆ ಹೇಳುವುದಿಲ್ಲ. ಮಿತಿ ಮುಟ್ಟುವ ತನಕ ಕೊಡುತ್ತಲೇ ಇರುತ್ತದೆ.

ಇನ್ನೊಂದು ಎಚ್ಚರ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೂ ಜೋಡಿಸಬಹುದು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಹಣ ಕೊಡುವಾಗ ಅದು ನಮ್ಮ ಉಳಿತಾಯ ಖಾತೆಯಿಂದ ಹೋಗುತ್ತಿದೆಯೋ, ಕಾರ್ಡಿನ ಸಾಲದಿಂದ ಹೋಗುತ್ತಿದೆಯೋ ಎಂದು ನೋಡಿಕೊಳ್ಳಬೇಕು.

ನೂರಕ್ಕೆ ಎಷ್ಟು ಬಡ್ಡಿ?

ಬಿಲ್ಲು ಬಂದಾಗ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದರೆ ಖರೀದಿಗೆ ಬಡ್ಡಿ ಇಲ್ಲ. ಇದು ನಿಜ, ಇದು ಕಾರ್ಡಿನ ಒಳ್ಳೆಯ ಗುಣ. ಆದರೆ ಬಿಲ್ಲಿನಲ್ಲಿ ಇನ್ನೊಂದು ಸಣ್ಣ ಮೊತ್ತವನ್ನೂ ತೋರಿಸಿರುತ್ತಾರೆ. ಅದಕ್ಕೆ ಕನಿಷ್ಠ ಪಾವತಿ ಎನ್ನುತ್ತಾರೆ. "ಇಷ್ಟು ಕಟ್ಟಿದರೆ ಸಾಕು" ಎಂದು ನಮಗೆ ಅನಿಸುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ.

ಹಲವು ಕಾರ್ಡುಗಳಲ್ಲಿ ಉಳಿದ ಬಾಕಿಗೆ ತಿಂಗಳಿಗೆ ಶೇ. 3ರಿಂದ 3.75ರಷ್ಟು ಬಡ್ಡಿ ಬೀಳುತ್ತದೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಒಂದು ಮನೆಯಲ್ಲಿ 20,000 ರೂಪಾಯಿ ಬಾಕಿ ಇದೆ, ಬಡ್ಡಿ ನೂರಕ್ಕೆ ಮೂರೂವರೆ ಎಂದಿಟ್ಟುಕೊಳ್ಳಿ. ಒಂದು ತಿಂಗಳಿಗೆ ಬಡ್ಡಿ 700 ರೂ. ಅದರ ಮೇಲೆ ತೆರಿಗೆ 126 ರೂ. ಒಟ್ಟು 826 ರೂ. ಆ ಮನೆಯವರು ಕನಿಷ್ಠ ಎಂದು 1,000 ರೂಪಾಯಿ ಕಟ್ಟುತ್ತಾರೆ. ಅಸಲಿಗೆ ಹೋಗುವುದು ಬರೀ 174 ರೂಪಾಯಿ! ಹೊಸದಾಗಿ ಏನೂ ಕೊಳ್ಳದಿದ್ದರೂ 19,826 ರೂಪಾಯಿ ಸಾಲ ಹಾಗೇ ಕೂತಿರುತ್ತದೆ.

ಇದೇ 20,000 ರೂಪಾಯಿಯನ್ನು ಸಂಘದಿಂದ ನೂರಕ್ಕೆ ಎರಡು ರೂಪಾಯಿಯಂತೆ ತೆಗೆದರೆ ತಿಂಗಳಿಗೆ 400 ರೂಪಾಯಿ ಬಡ್ಡಿ. ಆ ಬಡ್ಡಿಯೂ ನಮ್ಮ ಸಂಘಕ್ಕೇ ಬರುತ್ತದೆ. ಬಡ್ಡಿ ವ್ಯಾಪಾರಿಗಳ ಕೈಯಿಂದ ಬಿಡಿಸಿಕೊಳ್ಳಲು ನಾವು ಸಂಘ ಕಟ್ಟಿಕೊಂಡೆವು. ಹಿಂದಿನ ಬಾಗಿಲಿನಿಂದ ಅದೇ ಬಡ್ಡಿ ಮನೆಯೊಳಗೆ ಬರಬಾರದು.

ಇನ್ನೂ ಎರಡು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಒಂದು: ಹಳೆ ಬಾಕಿ ಸ್ವಲ್ಪ ಉಳಿದರೂ ಬಡ್ಡಿ ಇಲ್ಲದ ಅವಧಿ ತಪ್ಪಿಹೋಗುತ್ತದೆ. ಹೊಸದಾಗಿ ತಂದ ಸಾಮಾನಿಗೂ ತಂದ ದಿನದಿಂದಲೇ ಬಡ್ಡಿ. ಎರಡು: ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕವೂ ಇದೆ, ಮೊದಲ ದಿನದಿಂದ ಬಡ್ಡಿಯೂ ಇದೆ.

ಬಡ್ಡಿಗೆ ಕಾನೂನಿನ ಮಿತಿ ಇಲ್ಲವೇ ಎಂದು ಕೇಳಬಹುದು. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ತಪ್ಪು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ನಮ್ಮ ಎಚ್ಚರದಲ್ಲಿ ನಾವೇ ಇರಬೇಕು.

ನೋಟು ಕೊಡುವಾಗ ಕೈ ಹಿಂಜರಿಯುತ್ತದೆ

ಐನೂರರ ನೋಟು ಮುರಿಸುವಾಗ ಮನಸ್ಸಿಗೆ ಚುರುಕ್ ಅನ್ನುತ್ತದೆ. ಕಾರ್ಡು ಉಜ್ಜುವಾಗ ಹಾಗಾಗುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಪ್ರಾಧ್ಯಾಪಕರಾದ ಪ್ರೆಲೆಕ್ ಮತ್ತು ಸಿಮೆಸ್ಟರ್ ಇದನ್ನು ಪರೀಕ್ಷಿಸಿ ನೋಡಿದರು. ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ಎಷ್ಟು ಕೊಡ್ತೀರಿ ಎಂದು ಕೇಳಿದಾಗ, ನಗದು ಕೊಡಬೇಕಾದವರಿಗಿಂತ ಕಾರ್ಡಿನಲ್ಲಿ ಕೊಡುವವರು ಸುಮಾರು ಎರಡರಷ್ಟು ಬೆಲೆ ಹೇಳಿದರು. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಟ್ಟು, ಡಬ್ಬಿ ಖಾಲಿಯಾದರೆ ಖರ್ಚು ನಿಲ್ಲಿಸುತ್ತಿದ್ದರು. ಅದು ಹಳೇ ಕಾಲದ ಬುದ್ಧಿ ಎಂದು ನಗಬೇಕಾಗಿಲ್ಲ.

ಹಾಗಂತ ನಗದಿಗೆ ತೊಂದರೆ ಇಲ್ಲವೆಂದಲ್ಲ. ನೋಟು ಕಳೆದುಹೋದರೆ ಹೋಯಿತು. ಎಲ್ಲಿ ಖರ್ಚಾಯಿತೆಂದು ಬರೆದಿಡದಿದ್ದರೆ ಗೊತ್ತಾಗೋದೇ ಇಲ್ಲ. ಕುಡಿತದ ಚಟವಿರುವ ಮನೆಯಲ್ಲಿ ಕೈಯಲ್ಲಿರುವ ನಗದು ಉಳಿಯುವುದೂ ಕಷ್ಟ. ಅಂಥಲ್ಲಿ ಹಣ ಬ್ಯಾಂಕ್ ಖಾತೆಯಲ್ಲಿರುವುದೇ ಕ್ಷೇಮ. ತಿಂಗಳ ಸಂಬಳ ಖಚಿತವಾಗಿದ್ದು, ಪ್ರತಿ ಬಿಲ್ಲನ್ನೂ ಪೂರ್ತಿ ಕಟ್ಟುವ ಶಿಸ್ತು ಇರುವವರಿಗೆ ಕಾರ್ಡಿನಿಂದ ಅನುಕೂಲವೇ. ದಿನಗೂಲಿ, ಬೆಳೆ, ಮೀನು, ಹಾಲಿನ ಆದಾಯ ನಂಬಿದ ಮನೆಗೆ ಮುಂದಿನ ತಿಂಗಳು ಏನು ಬರುತ್ತದೆಂದು ಹೇಳಲಾಗದು. ಇಂದು ಉಂಡ ಅನ್ನಕ್ಕೆ ಮುಂದಿನ ವರ್ಷದ ತನಕ ಬಡ್ಡಿ ಕಟ್ಟುವ ಸ್ಥಿತಿ ಬರಬಾರದು.

ನಾವು ಏನು ಮಾಡಬಹುದು?

• ಅಕ್ಕಿ, ತರಕಾರಿ, ಬಸ್ ಚಾರ್ಜು, ಔಷಧಿಗೆ ತಿಂಗಳ ಆರಂಭದಲ್ಲೇ ಬೇರೆ ಬೇರೆ ಕವರಿನಲ್ಲಿ ಹಣ ಇಡೋಣ.
• ಕಾರ್ಡು ಇದ್ದರೆ, ಖರ್ಚು ಮಾಡಿದ ದಿನವೇ ಅಷ್ಟು ಹಣವನ್ನು ಖಾತೆಯಲ್ಲಿ ತೆಗೆದಿಡೋಣ. ಪೂರ್ತಿ ಬಿಲ್ಲು ಕಟ್ಟೋಣ.
• ಈಗಾಗಲೇ ಬಾಕಿ ಇದ್ದರೆ ಕಾರ್ಡು ಬಳಸುವುದನ್ನು ನಿಲ್ಲಿಸಿ, ಸಂಘದಲ್ಲಿ ನಾಚಿಕೆ ಇಲ್ಲದೆ ತಿಳಿಸೋಣ. ಕಡಿಮೆ ಬಡ್ಡಿಯ ಸಾಲ ತೆಗೆದು ಇದನ್ನು ಮೊದಲು ತೀರಿಸೋಣ.
• ನಮ್ಮ ಒಪ್ಪಿಗೆ ಇಲ್ಲದೆ ಕಾರ್ಡು ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಫೋನಿನಲ್ಲಿ ಒತ್ತಾಯಿಸಿದರೆ "ಬೇಡ" ಎನ್ನೋಣ.
• ಪಿನ್, ಒಟಿಪಿ ಯಾರಿಗೂ ಹೇಳಬಾರದು. ಮೋಸವಾದರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸೋಣ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಸಾಮತಿಯನ್ನು ಯೇಸುಸ್ವಾಮಿ ಲೂಕನ ಶುಭಸಂದೇಶದಲ್ಲಿ ಹೇಳುತ್ತಾರೆ. ನಮ್ಮ ಮನೆಯೂ ಒಂದು ಗೋಪುರವೇ. ಈ ತಿಂಗಳ ಸಭೆಗೆ ಬರುವಾಗ ಮನೆಯಲ್ಲಿರುವ ಕಾರ್ಡಿನ ಬಿಲ್ಲನ್ನು ತನ್ನಿ. ಎಲ್ಲರೂ ಕೂತು ಒಟ್ಟಿಗೆ ಓದೋಣ.