ಅರ್ಜಿಯ ಪುಟಕ್ಕೂ ಒಂದು ಪರಿಶೋಧನೆ



ಟ್ರಸ್ಟಿನ ಜಮಾ-ಖರ್ಚಿನ ಲೆಕ್ಕಪರಿಶೋಧನೆ ಪ್ರತಿ ವರ್ಷ ನಡೆಯುತ್ತದೆ. ಅದರ ವರದಿ ಎಂದಿನಂತೆ ಈ ಪುಸ್ತಿಕೆಯಲ್ಲಿದೆ. ಈ ಸಲ ಅದರ ಜೊತೆಗೆ ಇನ್ನೊಂದು ಬಗೆಯ ಪರಿಶೋಧನೆಯನ್ನೂ ಮಾಡಿಸಿದ್ದೇವೆ. ಬರುವ ಸಾಲಿನಿಂದ ವಿದ್ಯಾರ್ಥಿವೇತನದ ಅರ್ಜಿಯನ್ನು ಮೊಬೈಲಿನಲ್ಲೇ ತುಂಬಬಹುದು. ಅದನ್ನು ಎಲ್ಲರಿಗೂ ತೆರೆಯುವ ಮೊದಲು, ತುಂಬಬೇಕಾದವರ ಕೈಯಲ್ಲಿ ಅದು ನಿಜವಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸಿ ನೋಡಿದೆವು. ಸಾಫ್ಟ್‌ವೇರ್ ಕೆಲಸದವರು ಇದನ್ನು ಯೂಸರ್ ಎಕ್ಸ್‌ಪೀರಿಯೆನ್ಸ್ ಆಡಿಟ್ ಎನ್ನುತ್ತಾರೆ. ಇದಕ್ಕೂ ಹಣ ಬೇಕೇ ಎಂದು ಕೆಲವು ದಾನಿಗಳು ಕೇಳಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಈ ಖರ್ಚು ಸಾಮಾನ್ಯ ದೇಣಿಗೆಯಿಂದ ಹೋಗಿದೆ. ಝಕಾತ್ ನಿಧಿಯನ್ನು ಮುಟ್ಟಿಲ್ಲ.

ಕಾಗದದ ಅರ್ಜಿ ತಪ್ಪಾಗಿ ತುಂಬಿದ್ದರೂ ಕಚೇರಿಗೆ ಬಂದು ಬೀಳುತ್ತದೆ. ಅರ್ಧ ತುಂಬಿದ್ದನ್ನು ನೋಡಿ ಯಾರಾದರೂ ಫೋನು ಮಾಡಿ ಉಳಿದದ್ದನ್ನು ಕೇಳಿ ಬರೆದುಕೊಳ್ಳುತ್ತಾರೆ. ಮೊಬೈಲಿನಲ್ಲಿ ಹಾಗಾಗುವುದಿಲ್ಲ. ಮೂರನೆಯ ಪುಟದಲ್ಲಿ ಸಿಕ್ಕಿಬಿದ್ದ ತಾಯಿ ಫೋನನ್ನು ಪಕ್ಕಕ್ಕಿಟ್ಟು ಒಲೆಯ ಕಡೆಗೆ ಎದ್ದು ಹೋದರೆ ಆ ಅರ್ಜಿ ಅಲ್ಲಿಗೇ ನಿಂತಿತು. ತಿರಸ್ಕೃತ ಅರ್ಜಿಗಳ ಪಟ್ಟಿಯಲ್ಲಿ ಕೂಡ ಆ ಮಗುವಿನ ಹೆಸರು ಇರುವುದಿಲ್ಲ. ಕೊನೆಗೆ ಅರ್ಜಿಗಳ ಸಂಖ್ಯೆ ಇಳಿದರೆ, ಅಗತ್ಯವೇ ಇಳಿದಿದೆ ಎಂದು ನಾವೂ ನೀವೂ ನಂಬಿಬಿಡಬಹುದು.

ಪರಿಶೋಧನೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ತಜ್ಞರು ಪುಟಪುಟವಾಗಿ ನೋಡಿ ದೋಷ ಗುರುತಿಸುವುದು. 1990ರಲ್ಲಿ ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ ಈ ವಿಧಾನಕ್ಕೆ ಒಂದು ಕ್ರಮ ಕೊಟ್ಟರು. ಪುಟದ ಮಾತು ಬಳಸುವವರ ಮಾತಾಗಿದೆಯೇ, ತಪ್ಪಾದರೆ ಹಿಂದಕ್ಕೆ ಬರಲು ದಾರಿ ಇದೆಯೇ, ಈಗ ಏನಾಗುತ್ತಿದೆ ಎಂದು ಯಂತ್ರ ತಿಳಿಸುತ್ತದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಎರಡನೆಯದು, ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು, ಬಳಸುವವರ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡುವುದು. ಸಾವಿರಾರು ಜನ ಬೇಕಿಲ್ಲ. ಐವರು ಬಳಸುವುದನ್ನು ನೋಡಿದರೆ ಸುಮಾರು 85 ಶೇಕಡಾ ತೊಡಕುಗಳು ಕಾಣುತ್ತವೆ ಎಂದು ಇದೇ ನೀಲ್ಸನ್ 2000ದಲ್ಲಿ ಬರೆದರು. ಆದರೆ ಆ ಐವರು ಒಂದೇ ಬಗೆಯ ಬಳಕೆದಾರರಾಗಿದ್ದರೆ ಮಾತ್ರ ಆ ಲೆಕ್ಕ. ಗುಂಪುಗಳು ಬೇರೆ ಬೇರೆಯಾದರೆ ಪ್ರತಿ ಗುಂಪಿನಿಂದ ಮೂವರಾದರೂ ಬೇಕು ಎಂದೂ ಅವರು ಹೇಳಿದ್ದಾರೆ. ನಮ್ಮಲ್ಲಿ ಮೂರು ಗುಂಪುಗಳು: ತಾವೇ ತುಂಬುವ ಪಿಯು ಮತ್ತು ಪದವಿ ವಿದ್ಯಾರ್ಥಿಗಳು, ಚಿಕ್ಕ ಮಕ್ಕಳಿಗಾಗಿ ತುಂಬುವ ತಾಯಂದಿರು, ಊರವರಿಗೆಲ್ಲ ತುಂಬಿಕೊಡುವ ಸೈಬರ್ ಅಂಗಡಿಯವರು. ಹೀಗೆ ಒಂಬತ್ತು ಮಂದಿಯನ್ನು ಕೂರಿಸಿದೆವು.

ನಿಯಮ ಒಂದೇ: ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ತುಂಬಬೇಕು, ಪಕ್ಕದಲ್ಲಿರುವವರು ಸಹಾಯ ಮಾಡಬಾರದು. ನಮ್ಮ ಕಾರ್ಯಕರ್ತರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. “ಆಪಾ, ಕೆಳಗೆ ನೋಡಿ” ಎನ್ನಲು ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡು ಕುಳಿತರು.

ಹೆಚ್ಚು ಜನ ನಿಂತದ್ದು ಮೊದಲ ಪ್ರಶ್ನೆಯಲ್ಲೇ, ಅಂದರೆ ಹೆಸರಿನಲ್ಲಿ. ಕರಡು ಅರ್ಜಿಯಲ್ಲಿ ಮೊದಲ ಹೆಸರು, ಕುಲನಾಮ ಎಂದು ಎರಡು ಚೌಕಗಳಿದ್ದವು. ಎರಡನ್ನೂ ತುಂಬದೆ ಮುಂದೆ ಬಿಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಸೈಯದ್, ಶೇಖ್ ಹೆಸರಿನ ಮುಂದೆ ಬರುತ್ತವೆ. ಬಾನು, ಬೇಗಂ, ಬೀ ಕೊನೆಗೆ ಬಂದರೂ ಅವು ಕುಲನಾಮವಲ್ಲ. ಒಬ್ಬ ಹುಡುಗಿ ಕುಲನಾಮದ ಜಾಗದಲ್ಲಿ ತಂದೆಯ ಹೆಸರು ಬರೆದಳು, ಇನ್ನೊಬ್ಬಳು ಊರಿನ ಹೆಸರು ಬರೆದಳು, ಮತ್ತೊಬ್ಬಳು ಒಂದು ಚುಕ್ಕಿ ಇಟ್ಟು ಮುಂದೆ ಹೋದಳು. ಮೂವರೂ ತಮಗೆ ತೋಚಿದ ಸರಿಯಾದದ್ದನ್ನೇ ಮಾಡಿದ್ದರು. ಆದರೆ ಬ್ಯಾಂಕ್ ಖಾತೆಯ ಹೆಸರಿನೊಂದಿಗೆ ಹೋಲಿಸುವಾಗ ಮೂವರದೂ ತಾಳೆಯಾಗುವುದಿಲ್ಲ. ಇದರ ಮೇಲೆ, ಮೊಹಮ್ಮದ್ ಎಂಬುದು ಒಂದು ದಾಖಲೆಯಲ್ಲಿ ಪೂರ್ತಿ ಇದ್ದರೆ ಇನ್ನೊಂದರಲ್ಲಿ ‘ಎಂ.ಡಿ.’ ಎಂದು ಎರಡಕ್ಷರಕ್ಕೆ ಇಳಿದಿರುತ್ತದೆ. ಆಧಾರ್ ಕಾರ್ಡ್‌ನಲ್ಲಿ ಹೆಸರಿಗೆ ಒಂದೇ ಸಾಲು ಇದೆ. ಈಗ ನಮ್ಮ ಅರ್ಜಿಯಲ್ಲೂ ಒಂದೇ ಸಾಲು. ಅಂಕಪಟ್ಟಿಯಲ್ಲಿ ಬೇರೆ ರೀತಿ ಇದ್ದರೆ ಬರೆಯಲು ಕೆಳಗೆ ಇನ್ನೊಂದು ಸಾಲು ಇದೆ, ಬೇಕಿದ್ದವರು ತುಂಬಬಹುದು. ಹೆಸರು ತಾಳೆಯಾಗದ ಅರ್ಜಿಯನ್ನು ಯಂತ್ರ ತಳ್ಳಿಹಾಕುವುದಿಲ್ಲ, ಕಚೇರಿಯವರು ನೋಡುತ್ತಾರೆ.

ಇನ್ನೊಂದು ತೊಡಕು ಸಣ್ಣದಾಗಿ ಕಂಡರೂ ದೊಡ್ಡದು. ‘ಉಳಿಸು’ ಮತ್ತು ‘ಸಲ್ಲಿಸು’ ಎಂಬ ಎರಡು ಗುಂಡಿಗಳು ಅಕ್ಕಪಕ್ಕದಲ್ಲಿದ್ದವು. ಒಬ್ಬ ತಾಯಿ ‘ಉಳಿಸು’ ಒತ್ತಿ, ಅರ್ಜಿ ಹೋಯಿತೆಂದು ಫೋನು ಕೆಳಗಿಟ್ಟರು. ಅದು ಪರೀಕ್ಷೆಯಲ್ಲದೆ ನಿಜವಾದ ಅರ್ಜಿಯಾಗಿದ್ದರೆ ಅವರು ತಿಂಗಳುಗಟ್ಟಲೆ ಉತ್ತರಕ್ಕೆ ಕಾಯುತ್ತಿದ್ದರು. ಈಗ ತುಂಬಿದ್ದು ತಾನಾಗಿ ಉಳಿಯುತ್ತದೆ, ಗುಂಡಿ ಒಂದೇ: ‘ಅರ್ಜಿ ಕಳುಹಿಸಿ’. ಕಳುಹಿಸಿದ ಕೂಡಲೇ ಅರ್ಜಿ ಸಂಖ್ಯೆಯೊಂದಿಗೆ ಎಸ್ಎಂಎಸ್ ಬರುತ್ತದೆ.

ಒಟಿಪಿಯದು ಬೇರೆಯೇ ಕಥೆ. ಆಧಾರ್‌ಗೆ ಜೋಡಿಸಿದ ನಂಬರು ಗಲ್ಫ್‌ನಲ್ಲಿರುವ ತಂದೆಯದು, ಅವರು ಡ್ಯೂಟಿಯಲ್ಲಿದ್ದಾರೆ, ಇಲ್ಲಿ ಪುಟದ ಸಮಯ ಮುಗಿಯುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿ, ಡಬ್ಲ್ಯುಸಿಎಜಿ 2.2, ಇಂಥ ಸಮಯಮಿತಿ ಮುಗಿಯುವ ಮೊದಲು ಎಚ್ಚರಿಸಿ, ಅವಧಿ ವಿಸ್ತರಿಸಲು ಕನಿಷ್ಠ 20 ಸೆಕೆಂಡು ಕೊಡಬೇಕು ಎನ್ನುತ್ತದೆ. ನಮ್ಮ ಕುಟುಂಬಗಳಿಗೆ 20 ಸೆಕೆಂಡು ಎಲ್ಲಿ ಸಾಲುತ್ತದೆ? ಸಮಯಮಿತಿಯನ್ನೇ ತೆಗೆಸಿದೆವು. ಒಟಿಪಿ ಮನೆಯಲ್ಲಿರುವ ಯಾವ ಫೋನಿಗಾದರೂ ಬರಬಹುದು. ಬೂದು ಬಣ್ಣದ ಸಣ್ಣ ಅಕ್ಷರಗಳನ್ನು ಅದೇ ಮಾರ್ಗಸೂಚಿಯಂತೆ ಗಾಢ ಮಾಡಿಸಿದ್ದೇವೆ. ದಾಖಲೆಗಳ ಫೋಟೋ ದೊಡ್ಡದಾದರೆ ಅರ್ಜಿಯೇ ಅದನ್ನು ಚಿಕ್ಕದು ಮಾಡಿಕೊಳ್ಳುತ್ತದೆ. ‘ಅಮಾನ್ಯ ನಮೂದು’ ಎಂಬ ಕೆಂಪು ಸಾಲಿನ ಬದಲು, “ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರ ಬಿದ್ದಿರಬಹುದು, ನೋಡಿ” ಎಂಬಂಥ ಮಾತು ಬರುತ್ತದೆ.

ಒಂದು ಪ್ರಶ್ನೆಯನ್ನು ಪೂರ್ತಿ ಕೈಬಿಟ್ಟಿದ್ದೇವೆ. ‘ನಿಮಗೆ ಸಹಾಯ ಏಕೆ ಬೇಕು, ನೂರು ಪದಗಳಲ್ಲಿ ಬರೆಯಿರಿ’ ಎಂದಿತ್ತು. ಅದರ ಎದುರು ಒಬ್ಬ ತಾಯಿ ಬಹಳ ಹೊತ್ತು ಸುಮ್ಮನೆ ಕುಳಿತರು. ಬರೆಯಲು ಬಾರದೆ ಅಲ್ಲ. ಬರೆಸಿಕೊಂಡರೆ ಆಯ್ಕೆ ಸುಲಭ ಎಂದು ಸಮಿತಿಯಲ್ಲಿ ಒಬ್ಬರು ವಾದಿಸಿದರು. ಆದರೆ ಆದಾಯಕ್ಕೆ ಪ್ರಮಾಣಪತ್ರ ಇದೆ, ಓದಿಗೆ ಅಂಕಪಟ್ಟಿ ಇದೆ. ಬಡತನವನ್ನು ವರ್ಣಿಸಿ ಕೊಡಿ ಎಂದು ಕೇಳುವ ಹಕ್ಕು ನಮಗಿಲ್ಲ ಎಂದು ಉಳಿದವರು ಒಪ್ಪಿದೆವು.

ಅರ್ಜಿ ಸಲ್ಲಿಸುವ ಕುಟುಂಬಗಳಿಗೆ ಸೂಚನೆ: ಆಧಾರ್, ಕಳೆದ ವರ್ಷದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಇಷ್ಟನ್ನು ಹತ್ತಿರ ಇಟ್ಟುಕೊಳ್ಳಿ. ಒಂದೇ ದಿನ ಮುಗಿಸಬೇಕಾಗಿಲ್ಲ. ಮೊಬೈಲು ಬೇಡವೆನ್ನುವವರಿಗೆ ಕಾಗದದ ಅರ್ಜಿ ಈ ಸಾಲಿನಲ್ಲೂ ಕಚೇರಿಯಲ್ಲಿ ಸಿಗುತ್ತದೆ. ತುಂಬುವಾಗ ಎಲ್ಲಾದರೂ ನಿಂತರೆ ಯಾವ ಪ್ರಶ್ನೆಯಲ್ಲಿ ನಿಂತಿತೆಂದು ಕಚೇರಿಗೆ ತಿಳಿಸಿ. ಆ ಪುಟದ ಸ್ಕ್ರೀನ್‌ಶಾಟ್ ಕಳುಹಿಸಿದರೆ ಇನ್ನೂ ಬೇಗ ಸರಿಪಡಿಸುತ್ತೇವೆ, ಇನ್‌ಶಾ ಅಲ್ಲಾಹ್.